ಪ್ಯಾಕೆಟ್ ಹಿಡಿಯಲು ರೂಟ್ ಆಗಬೇಕಿಲ್ಲ

ಈ ಸಂಚಿಕೆಗೆ ಆಯ್ದುಕೊಂಡ ನಾಲ್ಕೂ ಪತ್ರಗಳು ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ಚಿಕ್ಕ ತುಂಡುಗಳನ್ನು, ಹಿಡಿದು ನೋಡುವ ತಂತ್ರಾಂಶದ ಬಗ್ಗೆಯೇ ಇವೆ. ಅಂಕಣದ ರೂಢಿಯಂತೆ ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಬೇರೆ ಹೇಳದಿದ್ದರೆ ಅವೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳು. 'ಗೆರೆ ಎನ್' ಎಂದಿದ್ದರೆ ಎನ್ ಅಕ್ಷರಕ್ಕೆ ಮೊದಲು ಒಂದು ಅಡ್ಡಗೆರೆ ಹಾಕಿ ಎಂದರ್ಥ. ರೂಟ್ ಎಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರ, ಸುಡೋ ಎಂದರೆ ಒಂದು ಆಜ್ಞೆಯನ್ನು ಆ ಅಧಿಕಾರದಲ್ಲಿ ನಡೆಸುವ ದಾರಿ.

ಪ್ರಶ್ನೆ: ಮೇಡಂ, ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಂಪ್ಯೂಟರುಗಳ ಉಸ್ತುವಾರಿಯೂ ನನ್ನ ತಲೆಗೇ ಬಿದ್ದಿದೆ. ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಪಿಸಿಯೇ ನಮ್ಮ ಸರ್ವರ್, ಅದು ಯುಪಿಎಸ್ ಮೇಲಿದೆ. ವೇಬ್ರಿಡ್ಜ್ ಪಕ್ಕದ ಕೊಠಡಿಯ ಕಂಪ್ಯೂಟರ್ ತೂಕದ ವಿವರವನ್ನು ಅದಕ್ಕೆ ಕಳಿಸುತ್ತದೆ. ಹೂ ಮಳೆ ಶುರುವಾದಾಗಿನಿಂದ ಮಧ್ಯಾಹ್ನದ ಮೇಲೆ ಕರೆಂಟ್ ಹೋಗಿ ಬಂದ ದಿನಗಳಲ್ಲಿ ಇವೆರಡರ ಸಂಪರ್ಕ ತಪ್ಪುತ್ತಿದೆ. ಬೆಳೆಗಾರರು ತೂಕದ ಚೀಟಿಗಾಗಿ ಪಿಕಪ್ ನಿಲ್ಲಿಸಿಕೊಂಡು ಕಾಯುತ್ತಾರೆ. ನೆಟ್‌ವರ್ಕ್ ನೋಡಲು ಬಂದವರು 'ಸರ್ವರ್ ಹಳೆಯದು, ಬದಲಿಸಿ' ಎಂದರು. ಗೆಳೆಯನೊಬ್ಬ ವೈರ್‌ಶಾರ್ಕ್ ಹಾಕಿ ನೋಡು ಎಂದ. ಸರ್ವರ್‌ಗೇ ಹಾಕಿದೆ. ಕಿಟಕಿ ತೆರೆಯುತ್ತದೆ, ಆದರೆ ನೆಟ್‌ವರ್ಕ್ ಕಾರ್ಡುಗಳ ಪಟ್ಟಿ ಖಾಲಿ. ಸುಡೋ ಹಾಕಿ ತೆರೆದರೆ ಪಟ್ಟಿ ಬರುತ್ತದೆ, ಜೊತೆಗೆ ರೂಟ್ ಆಗಿ ನಡೆಸುವುದು ಅಪಾಯ ಎಂಬ ಎಚ್ಚರಿಕೆಯೂ ಬರುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಎಚ್ಚರಿಕೆಯನ್ನು ನಂಬಿ. ಅದು ಸುಮ್ಮನೆ ಹಾಕಿದ ಸಾಲಲ್ಲ.

ಪ್ಯಾಕೆಟ್ ಹಿಡಿಯುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಾರ್ಡಿನಿಂದ ಪ್ಯಾಕೆಟ್‌ಗಳನ್ನು ಎತ್ತಿ ಫೈಲಿಗೆ ಬರೆಯುವುದು ಒಂದು. ಆ ಫೈಲನ್ನು ಬಿಡಿಸಿ ಅರ್ಥ ಹೇಳುವುದು ಇನ್ನೊಂದು. ಎತ್ತುವುದಕ್ಕೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಅನುಮತಿ ಬೇಕು, ಆದರೆ ಅದರ ಕೋಡ್ ಚಿಕ್ಕದು. ಅರ್ಥ ಹೇಳುವುದಕ್ಕೆ ಯಾವ ವಿಶೇಷ ಅನುಮತಿಯೂ ಬೇಡ, ಆದರೆ ಸಾವಿರಾರು ಬಗೆಯ ಪ್ರೋಟೋಕಾಲ್‌ಗಳನ್ನು, ಅಂದರೆ ಯಂತ್ರಗಳು ಮಾತಾಡುವ ರೀತಿಗಳನ್ನು, ಬಿಡಿಸಬೇಕಾದ್ದರಿಂದ ಆ ಕೋಡ್ ಬಹಳ ದೊಡ್ಡದು. ಅಷ್ಟು ದೊಡ್ಡ ಕೋಡಿನಲ್ಲಿ ದೋಷಗಳು ಸಿಗುತ್ತಲೇ ಇರುತ್ತವೆ. ವೈರ್‌ಶಾರ್ಕ್‌ನ ಭದ್ರತಾ ಪ್ರಕಟಣೆಗಳಲ್ಲಿ ಹೆಚ್ಚಿನವು ಈ ಬಿಡಿಸುವ ಭಾಗಕ್ಕೆ ಸಂಬಂಧಿಸಿದವೇ. ಯಾರೋ ಕೆಟ್ಟ ಉದ್ದೇಶದಿಂದ ಹೆಣೆದು ಕಳಿಸಿದ ಒಂದು ಪ್ಯಾಕೆಟ್ ಆ ದೋಷಕ್ಕೆ ತಗುಲಿತು ಎಂದುಕೊಳ್ಳಿ. ಆಗ ತಂತ್ರಾಂಶ ರೂಟ್ ಆಗಿ ನಡೆಯುತ್ತಿದ್ದರೆ ಇಡೀ ಸರ್ವರ್ ಅವರ ಕೈಗೆ ಹೋಗಬಹುದು. ಬೆಳೆಗಾರರ ವರ್ಷದ ಲೆಕ್ಕವಿರುವ ಯಂತ್ರದಲ್ಲಿ ಇಂಥ ಸಾಹಸ ಬೇಡ.

1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥೀರಿಯಲ್ ಎಂಬ ಹೆಸರಿನಲ್ಲಿ ಆರಂಭಿಸಿದ, 2006ರಲ್ಲಿ ಹೆಸರು ಬದಲಿಸಿಕೊಂಡ ಈ ವೈರ್‌ಶಾರ್ಕ್ ಈಗ ಹಿಡಿಯುವ ಕೆಲಸವನ್ನು ತಾನು ಮಾಡುವುದೇ ಇಲ್ಲ. ಡಂಪ್‌ಕ್ಯಾಪ್ ಎಂಬ ಪುಟ್ಟ ಪ್ರೋಗ್ರಾಂಗೆ ಅದನ್ನು ಒಪ್ಪಿಸುತ್ತದೆ. ನಿಮ್ಮ ಪಟ್ಟಿ ಖಾಲಿ ಬಂದದ್ದು ಡಂಪ್‌ಕ್ಯಾಪ್‌ಗೆ ಅನುಮತಿ ಸಿಗದ ಕಾರಣಕ್ಕೆ. ಡೆಬಿಯನ್‌ನಲ್ಲಿ ವೈರ್‌ಶಾರ್ಕ್ ಹಾಕುವಾಗ 'ಸಾಮಾನ್ಯ ಬಳಕೆದಾರರೂ ಪ್ಯಾಕೆಟ್ ಹಿಡಿಯಬಹುದೇ' ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಮೊದಲೇ 'ಇಲ್ಲ' ಎಂಬ ಉತ್ತರ ಗುರುತಾಗಿರುತ್ತದೆ, ಹೆಚ್ಚಿನವರು ಎಂಟರ್ ಒತ್ತಿ ಮುಂದೆ ಹೋಗುತ್ತಾರೆ.

ಆದರೆ ಸರ್ವರ್‌ಗೆ ವೈರ್‌ಶಾರ್ಕೇ ಬೇಡ. ಅದನ್ನು ಅಲ್ಲಿಂದ ತೆಗೆದು ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಿ. ಸರ್ವರ್‌ನಲ್ಲಿ ಕಿಟಕಿಯಿಲ್ಲದೆ ಆಜ್ಞೆಯಿಂದಲೇ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಒಂದಿದ್ದರೆ ಸಾಕು. ಅಲ್ಲಿ ಹಿಡಿದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಇಲ್ಲಿ ಓದಿ. ಹಿಡಿದ ಪ್ಯಾಕೆಟ್‌ಗಳನ್ನು ಉಳಿಸುವ ಪಿಕ್ಯಾಪ್ ಮಾದರಿಯ ಫೈಲು ಯಾವ ಯೂನಿಕ್ಸ್‌ನಲ್ಲಿ ಹಿಡಿದದ್ದಾದರೂ ಬೇರೆ ಯಾವ ಯಂತ್ರದಲ್ಲಾದರೂ ತೆರೆದುಕೊಳ್ಳುತ್ತದೆ.

ಲ್ಯಾಪ್‌ಟಾಪ್‌ನಲ್ಲೂ ಲಿನಕ್ಸ್ ಇದ್ದು, ಅಲ್ಲಿಯೂ ನೇರವಾಗಿ ಹಿಡಿಯುವ ಆಸೆಯಿದ್ದರೆ, 'ಸುಡೋ ಡಿಪಿಕೆಜಿ-ರೀಕಾನ್ಫಿಗರ್ ವೈರ್‌ಶಾರ್ಕ್-ಕಾಮನ್' ಎಂದು ಕೊಟ್ಟು ಈ ಬಾರಿ 'ಹೌದು' ಆರಿಸಿ. ವೈರ್‌ಶಾರ್ಕ್ ಎಂಬ ಹೆಸರಿನ ಗುಂಪು ತಯಾರಾಗುತ್ತದೆ. 'ಸುಡೋ ಆಡ್‌ಯೂಸರ್' ಎಂದು ಬರೆದು, ನಿಮ್ಮ ಬಳಕೆದಾರ ಹೆಸರು, ಆಮೇಲೆ ಗುಂಪಿನ ಹೆಸರು ಕೊಟ್ಟರೆ ನೀವು ಆ ಗುಂಪಿಗೆ ಸೇರುತ್ತೀರಿ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಇದೇ ಕೆಲಸಕ್ಕೆ ಯೂಸರ್‌ಮಾಡ್ ಆಜ್ಞೆಯನ್ನು ಹೇಳಿರುತ್ತಾರೆ. ಅದರಲ್ಲಿ ದೊಡ್ಡ ಜಿ ಜೊತೆ ಸಣ್ಣ ಎ ಇರಲೇಬೇಕು. ಎ ಬಿಟ್ಟುಹೋದರೆ ನೀವು ಇದ್ದ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತೀರಿ. ಸುಡೋ ಗುಂಪೂ ಅದರಲ್ಲಿ ಸೇರಿತು. ಅದಕ್ಕೇ ನಾನು ಆಡ್‌ಯೂಸರ್ ಹೇಳುವುದು. ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ, ಪಟ್ಟಿ ತುಂಬಿರುತ್ತದೆ. ಈ ವ್ಯವಸ್ಥೆಯಲ್ಲಿ ಡಂಪ್‌ಕ್ಯಾಪ್‌ಗೆ ಸಿಗುವುದು ಕಚ್ಚಾ ಪ್ಯಾಕೆಟ್ ಓದುವ ಮತ್ತು ಕಾರ್ಡಿನ ಸ್ಥಿತಿ ಬದಲಿಸುವ ಎರಡು ಅಧಿಕಾರಗಳು ಮಾತ್ರ. ರೂಟ್‌ನ ಉಳಿದ ಶಕ್ತಿ ಅದಕ್ಕಿಲ್ಲ.

ಈಗ ಸರ್ವರ್‌ಗೆ ಬರೋಣ. 'ಸುಡೋ ಟಿಸಿಪಿಡಂಪ್ ಗೆರೆ ದೊಡ್ಡ ಡಿ' ಕೊಟ್ಟರೆ ಕಾರ್ಡುಗಳ ಹೆಸರು ಬರುತ್ತದೆ. ತಂತಿಯ ಕಾರ್ಡಿನ ಹೆಸರು ಈಚಿನ ಡೆಬಿಯನ್‌ನಲ್ಲಿ 'ಇಎನ್‌ಪಿ3ಎಸ್0' ಎಂಬಂತೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.

ಮುಂದಿನ ತೊಡಕು ಎಲ್ಲರನ್ನೂ ಕಾಡುತ್ತದೆ. ಸುಡೋ ಕೊಟ್ಟರೂ ಫೈಲು ಬರೆಯುವಾಗ 'ಅನುಮತಿ ಇಲ್ಲ' ಎನ್ನುತ್ತದೆ. ಡೆಬಿಯನ್‌ನ ಟಿಸಿಪಿಡಂಪ್ ಕಾರ್ಡನ್ನು ತೆರೆದ ಕೂಡಲೇ ರೂಟ್ ಅಧಿಕಾರವನ್ನು ಬಿಟ್ಟುಕೊಟ್ಟು, ಟಿಸಿಪಿಡಂಪ್ ಎಂಬ ಹೆಸರಿನ ಬಡ ಬಳಕೆದಾರನಾಗಿ ಬದಲಾಗುತ್ತದೆ. ಫೈಲು ಬರೆಯುವುದು ಅದಾದ ಮೇಲೆ. ನಿಮ್ಮ ಮನೆ ಫೋಲ್ಡರಿನಲ್ಲಿ ಬರೆಯಲು ಆ ಬಳಕೆದಾರನಿಗೆ ಹಕ್ಕಿಲ್ಲ. ಇದನ್ನು ನೋಡಿ ಸಿಟ್ಟಾಗಿ, ಅಧಿಕಾರ ಬಿಡದಂತೆ ಮಾಡುವ ಆಯ್ಕೆಯನ್ನು ಹುಡುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಾರ್ ಫೋಲ್ಡರಿನೊಳಗೆ ಒಂದು ಹೊಸ ಫೋಲ್ಡರ್ ಮಾಡಿ, ಚೌನ್ ಆಜ್ಞೆಯಿಂದ ಅದರ ಒಡೆತನವನ್ನು ಟಿಸಿಪಿಡಂಪ್ ಬಳಕೆದಾರನಿಗೆ ಕೊಡಿ. ಫೈಲಿನ ಹೆಸರು 'ಡಾಟ್ ಪಿಕ್ಯಾಪ್' ಎಂದೇ ಮುಗಿಯಲಿ. ಬೇರೆ ಹೆಸರಿಟ್ಟರೆ ಆಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆ ಬರೆಯಗೊಡದೇ ಇರಬಹುದು.

ನಿಮ್ಮದು ಯಾವಾಗ ಬರುತ್ತದೆಂದು ಹೇಳಲಾಗದ ತೊಂದರೆ, ಹಾಗಾಗಿ ದಿನವಿಡೀ ಹಿಡಿಯುತ್ತಿರಬೇಕು. ಗೆರೆ ದೊಡ್ಡ ಸಿ 100, ಗೆರೆ ದೊಡ್ಡ ಡಬ್ಲ್ಯು 10 ಎಂದು ಕೊಟ್ಟರೆ ತಲಾ 10 ಕೋಟಿ ಬೈಟ್‌ನ 10 ಫೈಲುಗಳಾಗುತ್ತವೆ. ಹತ್ತನೆಯದು ತುಂಬಿದ ಮೇಲೆ ಮೊದಲನೆಯದನ್ನೇ ಅಳಿಸಿ ಬರೆಯುತ್ತದೆ, ಡಿಸ್ಕ್ ತುಂಬಿ ಸರ್ವರ್ ನಿಲ್ಲುವ ಭಯವಿಲ್ಲ. ಗೆರೆ ದೊಡ್ಡ ಯು ಕೂಡ ಸೇರಿಸಿ. ಅದಿಲ್ಲದಿದ್ದರೆ ಹಿಡಿದ ಪ್ಯಾಕೆಟ್‌ಗಳು ಒಂದಷ್ಟು ಸೇರುವ ತನಕ ಮೆಮೊರಿಯಲ್ಲೇ ಉಳಿಯುತ್ತವೆ. ಆ ಹೊತ್ತಿಗೆ ಯುಪಿಎಸ್ ಕೈಕೊಟ್ಟರೆ ನಮಗೆ ಬೇಕಾದ ನಿಮಿಷವೇ ಕಳೆದುಹೋಗುತ್ತದೆ. ಹೆಸರು ಹುಡುಕುತ್ತ ಕೂರದಿರಲು ಗೆರೆ ಎನ್, ಕಾರ್ಡಿಗೆ ಗೆರೆ ಐ, ಫೈಲಿಗೆ ಗೆರೆ ಸಣ್ಣ ಡಬ್ಲ್ಯು. ದೂರದ ಯಂತ್ರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಆಜ್ಞೆ ಕೊಡುವುದಾದರೆ, ಟರ್ಮಿನಲ್ ಅನ್ನು ಸರ್ವರ್‌ನಲ್ಲೇ ತೆರೆದಿಡುವ ಟಿಮಕ್ಸ್ ಒಳಗೆ ಕೊಡಿ, ನಿಮ್ಮ ಸಂಪರ್ಕ ಕಡಿದರೂ ಕೆಲಸ ನಿಲ್ಲುವುದಿಲ್ಲ.

ಕೊನೆಯಲ್ಲಿ ಬರಬೇಕಾದದ್ದು ಸೋಸುವ ಸಾಲು. ಎಲ್ಲವನ್ನೂ ಹಿಡಿಯಬೇಡಿ. 1988ರ ಸುಮಾರಿಗೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಟಿಸಿಪಿಡಂಪ್ ಬರೆದ ನಾಲ್ವರಲ್ಲಿ ಇಬ್ಬರು, ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್, 1993ರಲ್ಲಿ ಬಿಪಿಎಫ್ ಎಂಬ ವಿಧಾನವನ್ನು ಪ್ರಬಂಧವಾಗಿ ಮಂಡಿಸಿದರು. ಬೇಡದ ಪ್ಯಾಕೆಟ್ ಅನ್ನು ಕರ್ನಲ್‌ನಲ್ಲೇ ಕೈಬಿಡುವುದು, ಬೇಕಾದದ್ದನ್ನಷ್ಟೇ ಪ್ರೋಗ್ರಾಂಗೆ ನಕಲು ಮಾಡುವುದು ಅದರ ತಿರುಳು. ನಿಮ್ಮ ಹಳೆಯ ಪಿಸಿ ಈ ಕೆಲಸವನ್ನು ಹೊರೆಯೆಂದು ತಿಳಿಯದಿರುವುದು ಅದರಿಂದಾಗಿ. ನಿಮ್ಮ ತೊಂದರೆಗೆ ಈ ಸಾಲು ಸಾಕು: 'ಅರ್ಪ್ ಆರ್ ಯುಡಿಪಿ ಪೋರ್ಟ್ 67 ಆರ್ ಯುಡಿಪಿ ಪೋರ್ಟ್ 68'. ಯಾವ ವಿಳಾಸ ಯಾರದು ಎಂದು ಕೇಳುವ ಅರ್ಪ್ ಮಾತುಗಳು, ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಮಾತುಗಳು ಇಷ್ಟನ್ನೇ ಇದು ಹಿಡಿಯುತ್ತದೆ.

ಇವನ್ನೇ ಯಾಕೆ ಹೇಳುತ್ತಿದ್ದೇನೆ? ಕರೆಂಟ್ ಹೋಗಿ ಬಂದಾಗಲೇ ಸಂಪರ್ಕ ತಪ್ಪುತ್ತದೆ ಎಂದು ಬರೆದಿದ್ದೀರಿ. ವೇಬ್ರಿಡ್ಜ್ ಕಂಪ್ಯೂಟರ್ ಎದ್ದ ಕೂಡಲೇ 'ನನಗೊಂದು ವಿಳಾಸ ಕೊಡಿ' ಎಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಅದಕ್ಕೆ ಉತ್ತರಿಸುವವರು ಒಬ್ಬರೇ ಇರಬೇಕು. ಬೇಲೂರು ಕಡೆಯ ಒಂದು ಪ್ರೌಢಶಾಲೆಯ ಲ್ಯಾಬ್‌ನಲ್ಲಿ ನಾನು ಕಂಡದ್ದು ಹೀಗಿತ್ತು: ಸಿಬ್ಬಂದಿ ಕೊಠಡಿಗೆ ವೈಫೈ ಬೇಕೆಂದು ಯಾರೋ ಮನೆಯ ರೌಟರ್ ತಂದು, ಗೋಡೆಯಿಂದ ಬಂದ ತಂತಿಯನ್ನು ನೀಲಿ ಪೋರ್ಟಿಗೆ ಹಾಕುವ ಬದಲು ಹಳದಿ ಪೋರ್ಟಿಗೆ ಹಾಕಿದ್ದರು. ಆ ರೌಟರ್ ಕೂಡ ವಿಳಾಸ ಹಂಚಲು ಕುಳಿತಿತ್ತು. ಕರೆಂಟ್ ಬಂದಾಗ ಯಾವ ರೌಟರ್ ಮೊದಲು ಎದ್ದರೆ ಅದರ ಮಾತೇ ನಡೆಯುತ್ತಿತ್ತು. ನಿಮ್ಮ ಕಚೇರಿಯಲ್ಲೂ ಇಂಥ ಇನ್ನೊಂದು ರೌಟರ್ ಇರಬಹುದೆಂದು ನನ್ನ ಅನುಮಾನ. ಗೋದಾಮಿನ ಕಡೆ, ಗೇಟಿನ ಕಡೆ ಒಮ್ಮೆ ನೋಡಿ ಬನ್ನಿ.

ಪ್ರತಿ ಮಾತನ್ನು ಅದು ಸೇರಬೇಕಾದ ಪೋರ್ಟಿಗಷ್ಟೇ ಕಳಿಸುವ ಸ್ವಿಚ್ ಇರುವ ಜಾಲದಲ್ಲಿ ನಿಮ್ಮ ಸರ್ವರ್‌ಗೆ ತನ್ನ ಮಾತುಗಳು ಮತ್ತು ಎಲ್ಲರಿಗೂ ಕೂಗಿದ ಮಾತುಗಳಷ್ಟೇ ಕೇಳುತ್ತವೆ. ಎರಡನೆಯ ರೌಟರ್ ಕೊಟ್ಟ ಉತ್ತರ ನೇರವಾಗಿ ವೇಬ್ರಿಡ್ಜ್ ಕಂಪ್ಯೂಟರಿಗೆ ಹೋಗಿಬಿಡಬಹುದು, ಸರ್ವರ್‌ಗೆ ಅದು ಕಾಣದು. ಆದರೂ ಸುಳಿವು ಸಿಗುತ್ತದೆ. ವಿಳಾಸವನ್ನು ಹೊಸದಾಗಿ ಆರಿಸಿಕೊಳ್ಳುವ ಕಂಪ್ಯೂಟರ್ 'ಇಂಥವರು ಕೊಟ್ಟದ್ದನ್ನು ಒಪ್ಪಿದ್ದೇನೆ' ಎಂದು ಮತ್ತೆ ಎಲ್ಲರಿಗೂ ಕೂಗಿ ಹೇಳಲೇಬೇಕು. ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು, ಡಿಎಚ್‌ಸಿಪಿ ರಿಕ್ವೆಸ್ಟ್ ಎಂಬ ಸಾಲನ್ನು ಬಿಡಿಸಿ, 54ನೆಯ ಆಯ್ಕೆಯನ್ನು ನೋಡಿ. ವಿಳಾಸ ಕೊಟ್ಟ ಸರ್ವರ್ ಯಾವುದೆಂದು ಅಲ್ಲಿ ಬರೆದಿರುತ್ತದೆ. ಅಲ್ಲಿ ನಿಮ್ಮ ಮುಖ್ಯ ರೌಟರಿನ 192.168.1.1 ಇರಬೇಕಾದಲ್ಲಿ 192.168.0.1 ಕಂಡರೆ ಮುಗಿಯಿತು, ಹುಡುಕುವುದೇನೂ ಉಳಿದಿಲ್ಲ. ಎರಡು ರೌಟರುಗಳ ಐಪಿ ವಿಳಾಸವೂ ಒಂದೇ ಆಗಿದ್ದರೆ, 192.168.1.1 ಯಾರದು ಎಂದು ಸರ್ವರ್ ಕೇಳಿದಾಗ ಅರ್ಪ್‌ನಲ್ಲಿ ಎರಡು ಬೇರೆ ಬೇರೆ ಯಂತ್ರವಿಳಾಸಗಳಿಂದ ಉತ್ತರ ಬಂದಿರುತ್ತದೆ. ಯಂತ್ರವಿಳಾಸದ ಮೊದಲ ಮೂರು ಜೋಡಿ ಅಂಕೆಗಳು ತಯಾರಕರನ್ನು ಸೂಚಿಸುತ್ತವೆ, ವೈರ್‌ಶಾರ್ಕ್ ಅದನ್ನು ಹೆಸರಾಗಿಯೇ ತೋರಿಸುತ್ತದೆ. ಯಾವ ಡಬ್ಬಿಯನ್ನು ಹುಡುಕಬೇಕು ಎಂದು ಇದರಿಂದ ತಿಳಿಯುತ್ತದೆ.

ಇನ್ನು, ಕರೆಂಟ್ ಬಂದ ಮೇಲೆ ವೇಬ್ರಿಡ್ಜ್ ಕಡೆಯಿಂದ ಒಂದೇ ಒಂದು ಪ್ಯಾಕೆಟ್ ಕೂಡ ಕಾಣದಿದ್ದರೆ ಅದೂ ಒಂದು ಉತ್ತರವೇ. ಆಗ ದೋಷ ತಂತಿಯಲ್ಲೋ ಸ್ವಿಚ್ಚಿನಲ್ಲೋ ಇದೆ. ಸಿಡಿಲಿಗೆ ಸ್ವಿಚ್ಚಿನ ಒಂದೆರಡು ಪೋರ್ಟ್ ಮಾತ್ರ ಸತ್ತು, ಉಳಿದವು ದೀಪ ಮಿನುಗಿಸುತ್ತ ಇರುವುದು ನಮ್ಮ ಮಲೆನಾಡಿನಲ್ಲಿ ಪ್ರತಿ ಮಳೆಗಾಲದ ಕಥೆ. ತಂತಿಯನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ.

ಎರಡನೆಯ ರೌಟರ್ ಸಿಕ್ಕರೆ ಎಸೆಯಬೇಕಿಲ್ಲ. ಅದರ ಡಿಎಚ್‌ಸಿಪಿ ನಿಲ್ಲಿಸಿ, ಬೇರೆಯವರು ಬಳಸದ ಒಂದು ವಿಳಾಸ ಕೊಟ್ಟು, ವೈಫೈಗಷ್ಟೇ ಇಟ್ಟುಕೊಳ್ಳಿ. ವೇಬ್ರಿಡ್ಜ್ ಕಂಪ್ಯೂಟರಿಗೆ ಸ್ಥಿರ ವಿಳಾಸವನ್ನೇ ಕೊಡಿ. ಸರ್ವರ್ ಬದಲಿಸಲು ಹಣ ಕೊಡುವ ಮುನ್ನ ಇಷ್ಟನ್ನು ಮಾಡಿ, ಆ ಫೈಲನ್ನು ನೆಟ್‌ವರ್ಕ್ ನೋಡಲು ಬಂದವರ ಮುಂದೆ ತೆರೆದಿಡಿ. 'ಲೈನ್ ಸರಿಯಿಲ್ಲ', 'ಸಿಸ್ಟಂ ಹಳೆಯದು' ಎಂಬ ಮಾತುಗಳಿಗೆ ಸಣ್ಣ ಊರುಗಳ ಕಚೇರಿಗಳು ತೆತ್ತ ಹಣ ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪ್ರಶ್ನೆ: ಹಾಸನದ ಪಾಲಿಟೆಕ್ನಿಕ್ ವಿದ್ಯಾರ್ಥಿ. ನಮ್ಮ ಊರಿನಲ್ಲಿ ಇಂಟರ್ನೆಟ್ ಇಲ್ಲದ ಹಳೆಯ ಲಿನಕ್ಸ್ ಯಂತ್ರವಿದೆ. ಟಿಸಿಪಿಡಂಪ್‌ನ ಮೂಲ ಕೋಡ್ ತಂದು ಕಂಪೈಲ್ ಮಾಡಿದೆ. ಮುಗಿಯಿತು, ಆದರೆ ನಡೆಸಿದರೆ ಲಿಬ್‌ಪಿಕ್ಯಾಪ್ ಫೈಲು ತೆರೆಯಲಾಗುತ್ತಿಲ್ಲ ಎನ್ನುತ್ತದೆ. ಇನ್ನೊಂದು ಯೂನಿಕ್ಸ್ ಆದ ಫ್ರೀಬಿಎಸ್‌ಡಿಯಲ್ಲೂ ಇಷ್ಟೇ ಕಷ್ಟವೇ?

ಉತ್ತರ: ನೀವು ಗೆದ್ದಾಗಿದೆ, ಒಂದು ಹೆಜ್ಜೆ ಬಾಕಿಯಿದೆ. ಪ್ಯಾಕೆಟ್ ಹಿಡಿಯಲು ಟಿಸಿಪಿಡಂಪ್ ಬಳಸುವ ಲೈಬ್ರರಿಯಾದ ಲಿಬ್‌ಪಿಕ್ಯಾಪ್ ಹೋಗಿ ಕುಳಿತದ್ದು ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರಿನ ಲಿಬ್‌ನಲ್ಲಿ. ಹೊಸ ಲೈಬ್ರರಿ ಬಂದಿದೆ ಎಂದು ವ್ಯವಸ್ಥೆಗೆ ಇನ್ನೂ ಗೊತ್ತಿಲ್ಲ. 'ಸುಡೋ ಎಲ್‌ಡಿಕಾನ್ಫಿಗ್' ಎಂದು ಒಮ್ಮೆ ಕೊಡಿ. ಆಗಲೂ ಸಿಗದಿದ್ದರೆ ಇಟಿಸಿಯಲ್ಲಿರುವ ಎಲ್‌ಡಿ.ಎಸ್ಒ.ಕಾನ್ಫ್ ಫೈಲಿನ ವ್ಯಾಪ್ತಿಯಲ್ಲಿ ಆ ಫೋಲ್ಡರಿನ ಹೆಸರಿಲ್ಲ ಎಂದರ್ಥ. ಹೆಸರು ಸೇರಿಸಿ ಮತ್ತೆ ಕೊಡಿ.

ಇದೇ ದಾರಿ ಹಿಡಿಯುವ ಉಳಿದವರಿಗೆ: ಲಿಬ್‌ಪಿಕ್ಯಾಪ್ ಮೊದಲು, ಟಿಸಿಪಿಡಂಪ್ ಆಮೇಲೆ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಬಿಚ್ಚಿಡಿ, ಟಿಸಿಪಿಡಂಪ್‌ನ ಕಾನ್ಫಿಗರ್ ಪಕ್ಕದಲ್ಲಿರುವ ಲಿಬ್‌ಪಿಕ್ಯಾಪ್ ಅನ್ನು ತಾನೇ ಹುಡುಕಿಕೊಳ್ಳುತ್ತದೆ. ಸಿ ಕಂಪೈಲರ್ ಜೊತೆಗೆ ಫ್ಲೆಕ್ಸ್ ಮತ್ತು ಬೈಸನ್ ಕೂಡ ಬೇಕು. ಸೋಸುವ ಸಾಲನ್ನು ಓದಿ ಅರ್ಥಮಾಡಿಕೊಳ್ಳುವ ಭಾಗವನ್ನು ಅವೇ ತಯಾರಿಸುತ್ತವೆ. ಇಂಟರ್ನೆಟ್ ಇರುವ ಕಡೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವಾಗಲೇ ಇವನ್ನೂ ಸೇರಿಸಿಕೊಳ್ಳಿ. ಹಾಗೆಯೇ, ಹೀಗೆ ಕಂಪೈಲ್ ಮಾಡಿದ ಟಿಸಿಪಿಡಂಪ್ ಡೆಬಿಯನ್‌ನದರಂತೆ ತಾನಾಗಿ ರೂಟ್ ಅಧಿಕಾರ ಬಿಡುವುದಿಲ್ಲ. ನೀವೇ ಗೆರೆ ದೊಡ್ಡ ಝಡ್ ಎಂದು ಬರೆದು ಮುಂದೆ ಒಬ್ಬ ಸಾಮಾನ್ಯ ಬಳಕೆದಾರನ ಹೆಸರು ಕೊಡಿ.

ಫ್ರೀಬಿಎಸ್‌ಡಿಯಲ್ಲಿ ಕಷ್ಟವೇ ಇಲ್ಲ, ಟಿಸಿಪಿಡಂಪ್ ಮೂಲ ವ್ಯವಸ್ಥೆಯೊಳಗೇ ಬರುತ್ತದೆ. ಅಲ್ಲಿ ಅನುಮತಿ ಪ್ರೋಗ್ರಾಂ ಮೇಲಿಲ್ಲ, ಡೆವ್ ಫೋಲ್ಡರಿನ ಬಿಪಿಎಫ್ ಸಾಧನದ ಮೇಲಿದೆ. ಅದನ್ನು ಕೈಯಿಂದ ಬದಲಿಸಿದರೆ ಮರುಚಾಲನೆಯ ನಂತರ ಉಳಿಯುವುದಿಲ್ಲ. ಡೆವ್‌ಎಫ್‌ಎಸ್.ರೂಲ್ಸ್ ಫೈಲಿನಲ್ಲಿ ಒಂದು ಗುಂಪಿಗೆ ಓದುವ ಹಕ್ಕು ಬರೆದು, ಆರ್‌ಸಿ.ಕಾನ್ಫ್‌ನಲ್ಲಿ ಆ ನಿಯಮಗಳ ಹೆಸರು ಕೊಡಬೇಕು.

ಪ್ರಶ್ನೆ: ಹಾಸನದಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಿಜಿ ನಡೆಸುತ್ತಿದ್ದೇನೆ. ರಾತ್ರಿ ಇಂಟರ್ನೆಟ್ ತೀರಾ ನಿಧಾನ. ಒಂದು ಲಿನಕ್ಸ್ ಯಂತ್ರ ಇಟ್ಟು ಯಾರು ಏನು ನೋಡುತ್ತಿದ್ದಾರೆಂದು ತಿಳಿಯಬಹುದೇ?

ಉತ್ತರ: ಯಾರು ಎಷ್ಟು ಬಳಸುತ್ತಿದ್ದಾರೆ ಎಂದು ತಿಳಿಯಬಹುದು. ಏನು ನೋಡುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೈಬಿಡಿ. ಬಾಡಿಗೆಗೆ ಕೊಟ್ಟ ಕೋಣೆಗೆ ಬಂದ ಅಂಚೆಯನ್ನು ಮಾಲೀಕರು ಒಡೆದು ಓದಿದಂತೆ ಅದು. ಜಾಲ ನಿಮ್ಮದೇ ಆದರೂ ಅದರಲ್ಲಿ ಹರಿಯುವ ಮಾತು ಆ ಮಕ್ಕಳದು. ಇಂದಿನ ಹೆಚ್ಚಿನ ತಾಣಗಳ ಸಂಚಾರ ಗೂಢಲಿಪಿಯಲ್ಲಿರುವುದರಿಂದ ಒಳಗಿನ ಮಾತು ನಿಮಗೆ ಸಿಗದು ನಿಜ. ಆದರೆ ತಾಣದ ಹೆಸರು, ಅದರ ವಿಳಾಸವೇನೆಂದು ಕೇಳುವ ಡಿಎನ್‌ಎಸ್ ಪ್ರಶ್ನೆಯಲ್ಲೋ ಸಂಪರ್ಕದ ಮೊದಲ ಮಾತಿನಲ್ಲೋ ಬಹುತೇಕ ಬಯಲಾಗುತ್ತದೆ. ಆಸ್ಪತ್ರೆಯ ಹೆಸರು, ಬ್ಯಾಂಕಿನ ಹೆಸರು, ಸಾಲದ ಆ್ಯಪಿನ ಹೆಸರು ಕಂಡರೂ ಅದು ಒಬ್ಬರ ಖಾಸಗಿ ಸಂಗತಿಯೇ.

ಅಳತೆಗೆ ಬೇಕಾದಷ್ಟನ್ನೇ ಹಿಡಿಯುವ ದಾರಿ ಇದೆ. ಟಿಸಿಪಿಡಂಪ್‌ಗೆ ಗೆರೆ ಎಸ್ 54 ಎಂದು ಕೊಡಿ. ಪ್ರತಿ ಪ್ಯಾಕೆಟ್‌ನ ಮೊದಲ 54 ಬೈಟ್ ಮಾತ್ರ ಫೈಲಿಗೆ ಹೋಗುತ್ತದೆ. ಈಥರ್ನೆಟ್ ತಲೆಬರಹ 14 ಬೈಟ್, ಐಪಿ ಆರನೆಯ ಆವೃತ್ತಿಯದು 40, ಅಲ್ಲಿಗೆ 54 ಆಯಿತು, ಎರಡೂ ಕಡೆಯ ವಿಳಾಸ ಸಿಕ್ಕಿತು. ನಾಲ್ಕನೆಯ ಆವೃತ್ತಿಯ ಡಿಎನ್‌ಎಸ್ ಪ್ರಶ್ನೆಯಲ್ಲಿ ಈಥರ್ನೆಟ್ 14, ಐಪಿ 20, ಯುಡಿಪಿ 8, ಡಿಎನ್‌ಎಸ್ ತಲೆಬರಹ 12 ಸೇರಿ ಅಲ್ಲಿಯೂ 54. ತಾಣದ ಹೆಸರು ಶುರುವಾಗುವುದು ಅದರ ಮುಂದಿನ ಬೈಟಿನಿಂದ, ಅದು ಫೈಲಿಗೆ ಬರುವುದೇ ಇಲ್ಲ. ಅಳತೆ ತಪ್ಪೀತೆಂದು ಅಳುಕಬೇಡಿ. ಪಿಕ್ಯಾಪ್ ಫೈಲಿನಲ್ಲಿ ಪ್ರತಿ ಪ್ಯಾಕೆಟ್‌ಗೆ 16 ಬೈಟ್‌ನ ಟಿಪ್ಪಣಿ ಇರುತ್ತದೆ. ಎಷ್ಟು ಬೈಟ್ ಉಳಿಸಿದೆ ಎನ್ನುವುದರ ಜೊತೆಗೆ ಪ್ಯಾಕೆಟ್‌ನ ನಿಜವಾದ ಉದ್ದ ಎಷ್ಟಿತ್ತು ಎನ್ನುವುದೂ ಅದರಲ್ಲಿದೆ. ವೈರ್‌ಶಾರ್ಕ್‌ನ ಸ್ಟ್ಯಾಟಿಸ್ಟಿಕ್ಸ್ ಪಟ್ಟಿಯಲ್ಲಿ ಎಂಡ್‌ಪಾಯಿಂಟ್ಸ್ ತೆರೆದರೆ ಯಾವ ವಿಳಾಸ ಎಷ್ಟು ಎಳೆದಿದೆ ಎಂದು ಸರಿಯಾಗಿಯೇ ಬರುತ್ತದೆ. 10 ಲಕ್ಷ ಪ್ಯಾಕೆಟ್ ಹಿಡಿದರೂ ಫೈಲು 70 ಎಂಬಿ ಮಾತ್ರ.

ಯಂತ್ರವನ್ನು ರೌಟರಿನ ಒಳಬದಿಯಲ್ಲಿ ಇಡಿ. ಹೊರಬದಿಯಲ್ಲಿಟ್ಟರೆ ಎಲ್ಲರೂ ಒಂದೇ ವಿಳಾಸವಾಗಿ ಕಾಣುತ್ತಾರೆ. ಸ್ವಿಚ್ಚಿಗೆ ಒಂದು ಪೋರ್ಟಿನ ಸಂಚಾರವನ್ನು ಇನ್ನೊಂದಕ್ಕೆ ನಕಲು ಮಾಡುವ ಪೋರ್ಟ್ ಮಿರರಿಂಗ್ ಸೌಲಭ್ಯ ಇರಬೇಕು, ಅಗ್ಗದ ಸ್ವಿಚ್ಚುಗಳಲ್ಲಿ ಅದಿರುವುದಿಲ್ಲ. ಎಲ್ಲಕ್ಕಿಂತ ಮುಂಚೆ, ಇಂಥ ದಿನ ಬಳಕೆಯ ಪ್ರಮಾಣ ಅಳೆಯುತ್ತೇವೆ ಎಂದು ಕನ್ನಡದಲ್ಲಿ ಬರೆದು ಊಟದ ಕೋಣೆಯಲ್ಲಿ ಅಂಟಿಸಿ, ಅಳತೆ ಮುಗಿದ ಮೇಲೆ ಫೈಲು ಅಳಿಸಿ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನಿಂದ ದತ್ತಾಂಶ ನಕಲು ಮಾಡುವುದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನಡಿ ಬರುತ್ತದೆ. ಮೋಸದ ಉದ್ದೇಶವಿದ್ದರೆ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಜೈಲು ಇದೆ. ಬರೀ ನಿಧಾನಗತಿಯೇ ಸಮಸ್ಯೆಯಾದರೆ ರೌಟರಿನಲ್ಲಿ ತಲಾ ಇಷ್ಟು ವೇಗ ಎಂದು ಮಿತಿ ಹಾಕುವ ಸೌಲಭ್ಯ ಇದೆಯೇ ನೋಡಿ. ಇದ್ದರೆ ಪ್ಯಾಕೆಟ್ ಹಿಡಿಯುವ ಅಗತ್ಯವೇ ಬೀಳದು.

ಪ್ರಶ್ನೆ: ಸಕಲೇಶಪುರದಿಂದ. ನನ್ನ ಲಿನಕ್ಸ್ ಯಂತ್ರದಿಂದ ಹೊರಟ ಪ್ಯಾಕೆಟ್‌ಗಳೆಲ್ಲ 'ಚೆಕ್‌ಸಮ್ ತಪ್ಪು' ಎಂದು ತೋರಿಸುತ್ತವೆ. ಕೆಲವು 1500 ಬೈಟ್‌ಗಿಂತಲೂ ದೊಡ್ಡವು. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಪ್ಯಾಕೆಟ್ ಕೆಡದೆ ತಲುಪಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಲೆಕ್ಕ ಹಾಕುವುದು, ದೊಡ್ಡ ತುಂಡನ್ನು ಚಿಕ್ಕ ಪ್ಯಾಕೆಟ್‌ಗಳಾಗಿ ಕತ್ತರಿಸುವುದು ಇವೆರಡನ್ನೂ ಇಂದಿನ ಕಾರ್ಡುಗಳು ತಾವೇ ಮಾಡುತ್ತವೆ. ಟಿಸಿಪಿಡಂಪ್ ನೋಡುವುದು ಕಾರ್ಡಿಗೆ ತಲುಪುವ ಮೊದಲಿನ ರೂಪವನ್ನು. ತಂತಿಯ ಮೇಲೆ ಹೋಗುವಾಗ ಎಲ್ಲ ಸರಿಯಾಗಿರುತ್ತದೆ. ಒಳಗೆ ಬರುವ ಪ್ಯಾಕೆಟ್‌ಗಳಲ್ಲಿ 'ಚೆಕ್‌ಸಮ್ ತಪ್ಪು' ಎಂಬ ದೂರು ಕಂಡರೆ ಮಾತ್ರ ಚಿಂತೆ ಮಾಡಿ. ತಂತಿಯ ಮೇಲಿನ ನಿಜರೂಪಕ್ಕೆ ಹತ್ತಿರವಾದದ್ದನ್ನು ನೋಡಲೇಬೇಕೆಂದರೆ ಈಥ್‌ಟೂಲ್ ಆಜ್ಞೆಗೆ ಗೆರೆ ದೊಡ್ಡ ಕೆ, ಕಾರ್ಡಿನ ಹೆಸರು, 'ಟಿಎಕ್ಸ್ ಆಫ್ ಟಿಎಸ್‌ಒ ಆಫ್ ಜಿಎಸ್‌ಒ ಆಫ್' ಎಂದು ಕೊಟ್ಟು ಹಿಡಿಯಿರಿ. ಹಾಗೆ ಮಾಡಿದಾಗ ಆ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಆದ್ದರಿಂದ ನೋಡಿ ಮುಗಿದ ಮೇಲೆ ಮೂರನ್ನೂ ಮತ್ತೆ ಆನ್ ಮಾಡಿ.